ಕಿಟಕಿಯ ಕಡೆಗೆ ವಾಲಿದ ಕತ್ತು

ಅವರ ಕತ್ತು ಬಲಕ್ಕೆ ವಾಲಿತ್ತು. ಹುಟ್ಟಿನಿಂದ ಬಂದದ್ದಲ್ಲ, ಎಲ್ಲೋ ಬಿದ್ದು ಆದದ್ದೂ ಅಲ್ಲ. ದಾಂಡೇಲಿಯ ಪೇಪರ್ ಮಿಲ್ಲಿನ ಗೇಟಿನ ಬಲಮಗ್ಗುಲಿಗೆ ಎದೆಮಟ್ಟದಲ್ಲಿ ಒಂದು ಸಣ್ಣ ಕಿಟಕಿ ಇತ್ತು. ಬೆಳಿಗ್ಗೆ ಆರಕ್ಕೆ ಭೋಂಗಾ, ಅಂದರೆ ಮಿಲ್ಲಿನ ಸೈರನ್, ಕೂಗಿದ ಮೇಲೆ ಅದರೊಳಗಿಂದ ಒಬ್ಬ ಗುಮಾಸ್ತ ಹೆಸರು ಕರೆಯುತ್ತಿದ್ದ. ಬೆನ್ನ ಹಿಂದೆ ಬಿದಿರಿನ ಲಾರಿಗಳ ಗದ್ದಲ, ಒಳಗೆ ಮಷೀನುಗಳ ಸದ್ದು. ಅವರ ಎಡಗಿವಿ ಬೇರೆ ಮಂದ. ಹಾಗಾಗಿ ಬಲಗಿವಿಯನ್ನು ಕಿಟಕಿಗೆ ಕೊಟ್ಟು, ಕಣ್ಣು ಅರೆಮುಚ್ಚಿ, ಕತ್ತು ವಾಲಿಸಿ ನಿಲ್ಲುತ್ತಿದ್ದರು. ವರ್ಷಗಟ್ಟಲೆ ಹಾಗೆ ನಿಂತು ನಿಂತು ಕತ್ತು ಅಲ್ಲೇ ಉಳಿದುಬಿಟ್ಟಿತು. ಚರ್ಚಿನಲ್ಲಿ ಕೂತರೂ ಹಾಗೇ, ಊಟಕ್ಕೆ ಕೂತರೂ ಹಾಗೇ.

ಮದುವೆಯಾಗಿ ಇಪ್ಪತ್ತು ವರ್ಷ ತುಂಬಿದಾಗ ಅವರ ಹೆಂಡತಿ ಹಟ ಹಿಡಿದು ಅವರನ್ನು ಸ್ಟುಡಿಯೋಕ್ಕೆ ಕರೆದುಕೊಂಡು ಹೋಗಿದ್ದರು. ಫೋಟೋದವನು ಮೂರು ಸಲ ಬಂದು ಗದ್ದ ಹಿಡಿದು ಮುಖ ನೆಟ್ಟಗೆ ಮಾಡಿದನಂತೆ. ಅವನು ಕ್ಯಾಮೆರಾದ ಹಿಂದೆ ಹೋಗುವುದರೊಳಗೆ ಕತ್ತು ಮತ್ತೆ ತನ್ನ ಜಾಗಕ್ಕೆ. ಆ ಫೋಟೋ ಈಗ ನನ್ನ ಹತ್ತಿರ ಇದೆ.

ಓಣಿಯವರೆಲ್ಲ ಅವರನ್ನು ಬದಲಿ ಕಾಕಾ ಎನ್ನುತ್ತಿದ್ದರು, ಅವರ ಹೆಂಡತಿಯನ್ನು ಬರೇ ಕಾಕು. ಮಿಲ್ಲಿನ ಖಾಯಂ ಕೆಲಸಗಾರ ರಜೆ ಹಾಕಿದರೆ, ಜ್ವರ ಬಂದು ಮಲಗಿದರೆ, ಅವತ್ತಿನ ಮಟ್ಟಿಗೆ ಅವನ ಜಾಗಕ್ಕೆ ಹೋಗುವವನು ಬದಲಿ. ಒಂದೊಂದು ಖಾತೆಗೂ ಒಂದೊಂದು ಬದಲಿ ಸಾಲು. ಕಾಕಾ ಇದ್ದದ್ದು ಬಿದಿರು ಕತ್ತರಿಸುವ ಚಿಪ್ಪರ್ ಹೌಸಿನ ಸಾಲಿನಲ್ಲಿ. ಅಲ್ಲಿ ಜನ ಕಡಿಮೆ, ರಜೆ ಹಾಕುವವರು ಇನ್ನೂ ಕಡಿಮೆ. ಸರದಿಯ ಮೇಲೆ ಕರೆಯುತ್ತಿದ್ದುದರಿಂದ ವಾರಕ್ಕೆ ಎರಡು ದಿನ ಕೆಲಸ ಸಿಕ್ಕರೆ ಅದೇ ದೊಡ್ಡದು. ಖಾಯಂ ಇದ್ದವರು ಯಾರಾದರೂ ನಿವೃತ್ತರಾಗಿಯೋ ಸತ್ತೋ ಜಾಗ ಖಾಲಿಯಾದರೆ, ಅದಕ್ಕೆ ಹದಿನೆಂಟು ತುಂಬಿದ ವಾರಸುದಾರರು ಇಲ್ಲದಿದ್ದರೆ, ಸಾಲಿನಲ್ಲಿ ಎಲ್ಲರಿಗಿಂತ ಹಳಬನಿಗೆ ಅದು ಸಿಗಬೇಕು. ಸಿಕ್ಕಿತೆಂದರೆ ತಿಂಗಳ ಪಗಾರ, ನಳ ಇರುವ ಕ್ವಾರ್ಟರ್ಸು, ಮನೆಯವರಿಗೆಲ್ಲ ಮಿಲ್ಲಿನ ದವಾಖಾನೆ. ನನಗೆ ಹದಿನಾಲ್ಕು ವರ್ಷವಾಗುವ ಹೊತ್ತಿಗೆ ಕಾಕಾ ಆ ಸಾಲಿನಲ್ಲಿ ಹನ್ನೊಂದು ವರ್ಷ ನಿಂತಿದ್ದರು.

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಆ ಹೆಸರು ಕೂಗುವ ಕೆಲಸ ಮುಂದೆ ನನ್ನ ಪಾಲಿಗೇ ಬಂತು. ಕೂಗಿದ್ದು ಸಾಕಾಗಿದೆ.

ನಮ್ಮಪ್ಪ ಚಿಪ್ಪರ್ ಹೌಸಿನಲ್ಲಿ ಖಾಯಂ ಇದ್ದ. ಅಪ್ಪನೂ ಕಾಕಾನೂ ಧಾರವಾಡದ ಕಡೆಯ ಒಂದೇ ಊರಿನವರು, ಒಂದೇ ಚರ್ಚಿಗೆ ಹೋಗುವವರು. ನಮ್ಮದು ದೊಡ್ಡ ಸಭೆಯೇನಲ್ಲ. ಹಳಿಯಾಳದಿಂದ ಪಾಸ್ಟರು ಬಂದ ಭಾನುವಾರ ಹತ್ತು ಹನ್ನೆರಡು ಮನೆಯವರು ಸೇರಿದರೆ ಬೆಂಚು ತುಂಬಿದ ಹಾಗೆ. ಕಾಕಾ ಹಾಡುವಾಗ ರಾಗ ಒಂದು ದಾರಿ ಹಿಡಿದರೆ ಅವರ ದನಿ ಇನ್ನೊಂದು ದಾರಿ ಹಿಡಿಯುತ್ತಿತ್ತು. ಯಾರೂ ತಿದ್ದುತ್ತಿರಲಿಲ್ಲ, ಅವರಷ್ಟು ಮನಸಿಟ್ಟು ಹಾಡುವವರು ಬೇರೆ ಇರಲಿಲ್ಲ.

ಗೇಟಿಗೆ ಹೋಗುವಾಗ ಕಾಕಾ ಮಾಡಿಕೊಳ್ಳುತ್ತಿದ್ದ ತಯಾರಿ ನೋಡಬೇಕು. ದಿನಾ ಗಡ್ಡ ಕೆರೆದುಕೊಳ್ಳಬೇಕು. ತಂಬಿಗೆಯಲ್ಲಿ ಕೆಂಡ ತುಂಬಿ ಅಂಗಿಗೆ ಇಸ್ತ್ರಿ ಹಾಕಬೇಕು. ಬಿದಿರಿನ ಧೂಳಿನಲ್ಲಿ ಎಂಟು ತಾಸು ಕೆಲಸ ಮಾಡುವವನಿಗೆ, ಅದೂ ಕರೆದರೆ ಮಾತ್ರ ಕೆಲಸ ಇರುವವನಿಗೆ, ಇಸ್ತ್ರಿ ಅಂಗಿ ಯಾಕೆ ಬೇಕಿತ್ತೋ. ನಮ್ಮ ಮನೆಯ ಮುಂದೆ ಹಾದು ಹೋಗುವಾಗ ಅಪ್ಪ ಅವರನ್ನು ಮದಿಮಗ ಹೊಂಟ ನೋಡ್ರಿ ಅಂತ ಕಾಡುತ್ತಿದ್ದ. ಕಾಕಾ ನಗುತ್ತಿದ್ದರು. ಕರೆದಾಗ ಹೆಂಗ್ಯಾಂಗೋ ಹೋಗಿ ನಿಲ್ಲಲಿಕ್ಕೆ ಆಗುತ್ತದೇನು ಎನ್ನುವುದು ಅವರ ಮಾತು.

ಕರೆಯದೆ ಇದ್ದ ದಿನ ತುಂಬಿದ ಬುತ್ತಿ ಡಬ್ಬಿ ಹಿಡಿದು ಅದೇ ದಾರಿಯಲ್ಲಿ ವಾಪಸು ಬರುತ್ತಿದ್ದರು. ಆವತ್ತು ಅಪ್ಪನದು ಮಧ್ಯಾಹ್ನದ ಪಾಳಿಯಾಗಿದ್ದರೆ ಕಟ್ಟೆಯ ಮೇಲೆ ಕೂತು ಏನಾಯಿತು ಅಂತ ಕೇಳುತ್ತಿದ್ದ. ಇವತ್ತು ಕೆಲಸ ಸಿಗಲಿಲ್ಲ ಎಂದು ಕಾಕಾ ಒಂದು ದಿನವೂ ಹೇಳಿದ್ದು ನಾನು ಕೇಳಲಿಲ್ಲ.

"ಎಲ್ಲಾರೂ ಆರಾಮ ಅದಾರ" ಎನ್ನುತ್ತಿದ್ದರು.

ಬಿದಿರಿನ ಅಂಗಳದ ಆಚೆಗಿದ್ದ ತಗಡಿನ ಮನೆಗೆ ಹೋಗಿ ಕಾಕುಗೂ ಅದನ್ನೇ ಹೇಳುತ್ತಿದ್ದರು. ಕಾಕುಗೆ ದಮ್ಮಿನ ಕಾಯಿಲೆ. ಎರಡು ಕೊಡ ನೀರು ತರಲು ಮೂರು ಕಡೆ ಕೂತು ಸುಧಾರಿಸಿಕೊಳ್ಳಬೇಕು. ಮಕ್ಕಳಿರಲಿಲ್ಲ. ಕಾಕುಗೆ ಇದ್ದ ಆಸೆ ಒಂದೇ, ಮನೆಯೊಳಗೆ ಒಂದು ನಳ. ಕ್ವಾರ್ಟರ್ಸು ಸಿಕ್ಕ ದಿನ ನಳ ಬಿಟ್ಟು ಅದರ ಮುಂದೆಯೇ ಕೂತು ರೊಟ್ಟಿ ಬಡಿಯುತ್ತೇನೆ ಅಂತ ನಮ್ಮವ್ವನ ಹತ್ತಿರ ಹೇಳಿ ನಗುತ್ತಿದ್ದರು.

ಬುಧವಾರ ಸಂಜೆ ಒಬ್ಬೊಬ್ಬರ ಮನೆಯಲ್ಲಿ ಪ್ರಾರ್ಥನೆ ಕೂಟ ಇರುತ್ತಿತ್ತು. ಒಂದು ಸಲ ನಮ್ಮ ಮನೆಯಲ್ಲಿ ಸೇರಿದ್ದಾಗ ಸಭೆಯ ಹಿರಿಯರೊಬ್ಬರು ಕಣ್ಣುಮುಚ್ಚಿ, ಕರ್ತನೇ, ಈ ನಮ್ಮ ಸಹೋದರನಿಗೆ ನಾಳೆ ಕೆಲಸ ಸಿಗುವ ಹಾಗೆ ಮಾಡು ಎಂದು ಶುರುಮಾಡಿದರು. ಕಾಕಾ ನಡುವೆಯೇ ಕೈ ಎತ್ತಿದರು. ಪ್ರಾರ್ಥನೆಯ ನಡುವೆ ಯಾರಾದರೂ ಹಾಗೆ ಮಾಡುತ್ತಾರೆಯೇ? ನಾನು ಕಣ್ಣು ಬಿಟ್ಟುಕೊಂಡೇ ಇದ್ದವಳು, ನೋಡಿದೆ.

"ಅದೊಂದ ಬ್ಯಾಡ್ರಿ" ಅಂದರು. "ನಾಳಿಗೆ ನನಗ ಕೆಲಸ ಕೊಡು ಅಂದ್ರ, ಯಾರಿಗೋ ಜ್ವರಾ ಕೊಡು ಅಂದಂಗ ಆಗ್ತತಿ. ನಿಲ್ಲೂದು ನಂದು, ಕರಿಯೂದು ಅವಂದು. ನಿಲ್ಲಾಕ ಕಾಲಾಗ ಬಲಾ ಕೊಡು ಅಂತ ಕೇಳ್ರಿ, ಸಾಕು."

ಹಿರಿಯರಿಗೆ ಸ್ವಲ್ಪ ಮುಖ ಸಣ್ಣದಾಯಿತು. ಅಪ್ಪ ಮಾತ್ರ ಆವತ್ತು ಊಟಕ್ಕೆ ಕೂತಾಗಲೂ ಅದೇ ಮಾತು ತೆಗೆದ. ತನಗೆ ಜ್ವರ ಬಂದಾಗ ಎಷ್ಟೋ ಸಲ ತನ್ನ ಜಾಗದಲ್ಲಿ ನಿಂತವನು ಅವನೇ ಅಲ್ಲವೇ ಎಂದು ಅವ್ವನಿಗೆ ಹೇಳಿದ.

ಮರುವರ್ಷ ಅಪ್ಪನೇ ಮಲಗಿದ. ಹೊಟ್ಟೆಯೊಳಗೆ ಗಡ್ಡೆ. ಹುಬ್ಬಳ್ಳಿಗೆ ಹೋಗಿ ಬಂದದ್ದಾಯಿತು, ಹೊಟ್ಟೆ ಕೊಯ್ದು ಹೊಲಿದದ್ದಾಯಿತು. ಎಂಟು ತಿಂಗಳು ಅವನು ಹಾಸಿಗೆ ಬಿಟ್ಟು ಏಳಲಿಲ್ಲ. ಆ ಎಂಟು ತಿಂಗಳೂ ಅಪ್ಪನ ಜಾಗಕ್ಕೆ ಹೋದದ್ದು ಬದಲಿ ಕಾಕಾ. ದೀರ್ಘ ರಜೆಗೆ ಸರದಿ ಇರುತ್ತಿರಲಿಲ್ಲ, ಹಳಬನಿಗೇ ಕೊಡುತ್ತಿದ್ದರು. ಹೀಗಾಗಿ ಅಷ್ಟು ವರ್ಷಗಳಲ್ಲಿ ಮೊದಲ ಸಲ ಅವರಿಗೆ ದಿನಾ ಕೆಲಸ. ಕಾಕುಗೆ ಹೊಸ ಸೀರೆ ಬಂತು. ತಗಡಿನ ತೂತಿಗೆ ಡಾಂಬರು ಬಿತ್ತು. ನಾನು ಎಲ್ಲವನ್ನೂ ನೋಡುತ್ತಿದ್ದೆ. ನಮ್ಮ ಮನೆ ಒಣಗುತ್ತಿದೆ, ಅವರ ಮನೆ ಚಿಗುರುತ್ತಿದೆ ಎಂದು ಒಳಗೊಳಗೇ ಕುದಿಯುತ್ತಿದ್ದೆ.

ಪಾಳಿ ಮುಗಿಸಿ ಕಾಕಾ ದಿನಾ ಸಂಜೆ ಬರುತ್ತಿದ್ದರು. ಅಪ್ಪನ ಕಾಲ ಹತ್ತಿರ ಕೂತು, ಕರ್ತನೇ, ಈತನನ್ನು ಈತನ ಜಾಗಕ್ಕೆ ಕಳಿಸು, ನನ್ನನ್ನು ನನ್ನ ಸಾಲಿಗೆ ಕಳಿಸು ಎಂದು ಪ್ರಾರ್ಥಿಸುತ್ತಿದ್ದರು. ದಿನಾ ಅದೇ ಎರಡು ಮಾತು. ಆಮೇಲೆ ಅಪ್ಪನ ಕಾಲು ಒತ್ತಿ ಎದ್ದು ಹೋಗುತ್ತಿದ್ದರು.

ನನ್ನ ನಾಲಿಗೆ ಮೊದಲಿನಿಂದಲೂ ಉದ್ದ. ಒಂದು ಸಂಜೆ ಅಪ್ಪನಿಗೆ ನೀರು ಕುಡಿದರೂ ವಾಂತಿಯಾಗುತ್ತಿತ್ತು. ಡಾಕ್ಟರು ಕೈಚೆಲ್ಲಿದ್ದಾರೆಂದು ಅವ್ವ ಅಡುಗೆಮನೆಯಲ್ಲಿ ಅಳುತ್ತಿದ್ದಳು. ಕಾಕಾ ಪ್ರಾರ್ಥನೆ ಮುಗಿಸಿ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದಾಗ ನಾನು ಹೊರಗೆ ಬಂದು ಅಂದುಬಿಟ್ಟೆ.

"ಯಾಕ ಸುಮ್ಮ ಪ್ರಾರ್ಥನಾ ಮಾಡ್ತೀರಿ ಕಾಕಾ? ನಮ್ಮಪ್ಪ ಸತ್ತರ ಛಲೋ ಆಗೂದು ನಿಮಗ ಅಲ್ಲ?"

ಹೊಡೆಯುತ್ತಾರೆ ಅಂದುಕೊಂಡೆ. ಇಲ್ಲಾ, ಅವ್ವನನ್ನು ಕರೆದು ಹೇಳುತ್ತಾರೆ. ಅವರು ಬಗ್ಗಿ ಚಪ್ಪಲಿಯ ಪಟ್ಟಿ ಏರಿಸಿಕೊಂಡು ನೆಟ್ಟಗೆ ನಿಂತರು. ಕತ್ತು ನೆಟ್ಟಗಾಗಲಿಲ್ಲ.

"ನೀ ಅಂದದ್ದು ಖರೇ ಐತೆವಾ" ಅಂದರು. "ಆ ಆಸೆ ನನ್ನೊಳಗ ಹೊಕ್ಕಬಾರ್ದಂತನ ದಿನಾ ಬರಾಕತ್ತೇನಿ."

ಮರುದಿನವೂ ಬಂದರು. ಅಪ್ಪ ಸಾಯುವ ದಿನದವರೆಗೂ ಬಂದರು. ಅಪ್ಪನ ಪೆಟ್ಟಿಗೆಯ ಮುಂದಿನ ಬಲಮೂಲೆಗೆ ಹೆಗಲು ಕೊಟ್ಟದ್ದು ಅವರೇ. ನಾನು ಅವರ ಮುಖ ನೋಡಲಿಲ್ಲ. ಕ್ಷಮಿಸಿ ಅಂತ ಕೇಳುವುದಂತೂ ದೂರ. ಆಗ ನನಗೆ ಹದಿನಾರು.

ಅಪ್ಪ ಹೋದ ಮೇಲೆ ಎರಡು ವರ್ಷ ನಾವು ಅದೇ ಕ್ವಾರ್ಟರ್ಸಿನಲ್ಲಿ ಉಳಿದೆವು. ಹದಿನೆಂಟು ತುಂಬಿದ ಕೂಡಲೇ ಅಪ್ಪನ ಬದಲು ನನ್ನನ್ನು ಕೆಲಸಕ್ಕೆ ತೆಗೆದುಕೊಂಡರು. ಹುಡುಗಿ ಬಿದಿರು ಹೊರುವಂತಿಲ್ಲವಲ್ಲ, ಅದಕ್ಕೆ ಗೇಟಿನ ಕಿಟಕಿಯ ಹಿಂದಿದ್ದ ಟೈಂ ಆಫೀಸಿಗೆ ಹಾಕಿ, ಅಲ್ಲಿದ್ದ ಒಬ್ಬರನ್ನು ಚಿಪ್ಪರ್ ಹೌಸಿಗೆ ಕಳಿಸಿದರು. ಅಲ್ಲಿಯವರೆಗೆ ಅಪ್ಪನ ಜಾಗದಲ್ಲಿ ಬದಲಿಯಾಗಿಯೇ ದುಡಿಯುತ್ತಿದ್ದ ಕಾಕಾ ಮತ್ತೆ ಸಾಲಿಗೆ ಬಂದರು. ನಾನು ಒಳಗೆ ಹೋದ ದಿನ ಅವರು ಹೊರಗೆ ಬಂದರು. ಇದೆಲ್ಲ ಮಿಲ್ಲಿನ ಪದ್ಧತಿ ಇರಬೇಕು ಅಂದುಕೊಂಡೆ. ಅವ್ವನೂ ಬಾಯಿ ಬಿಡಲಿಲ್ಲ.

ಸೇರಿ ಹದಿನೈದು ದಿನ ಆಗಿತ್ತೇನೋ, ಹಳೆಯ ಫೈಲುಗಳನ್ನು ಜೋಡಿಸಿಡು ಎಂದರು. ಅಪ್ಪನ ಫೈಲು ಸಿಕ್ಕಿತು. ಅಪ್ಪನ ಸಹಿ ನೋಡಬೇಕೆಂಬ ಆಸೆಗೆ ಬಿಚ್ಚಿದೆ. ಕೊನೆಯ ಕಾಗದ ಬೇರೆಯವರ ಅಕ್ಷರದಲ್ಲಿತ್ತು. ತೀರಿಕೊಂಡವರ ಜಾಗ ಸಾಲಿನ ಮೊದಲನೆಯವನಾದ ತನಗೆ ಸಲ್ಲಬೇಕಾಗಿದ್ದರೂ, ಅವರ ಮಗಳಿಗೆ ಹದಿನೆಂಟು ತುಂಬುವವರೆಗೆ ಅದನ್ನು ಕಾದಿಡಲು ತನ್ನ ತಕರಾರು ಇಲ್ಲ ಎಂದು ಬರೆದು ಬದಲಿ ಕಾಕಾ ಸಹಿ ಮಾಡಿದ್ದರು. ಸಾಕ್ಷಿಯ ಜಾಗದಲ್ಲಿ ಕಾಕುನ ಹೆಬ್ಬೆಟ್ಟು. ಅಪ್ಪ ಸತ್ತು ಒಂದು ವಾರಕ್ಕೆ ಬರೆದ ಕಾಗದ ಅದು. ಅಂದರೆ ನಾನು ಅವರಿಗೆ ಆ ಮಾತು ಅಂದು ಇನ್ನೂ ಒಂದು ತಿಂಗಳೂ ಕಳೆದಿರಲಿಲ್ಲ.

ಎರಡಕ್ಕೆ ಪಾಳಿ ಬಿಟ್ಟ ಕೂಡಲೇ ತಗಡಿನ ಮನೆಗೆ ಓಡಿದೆ. ಕಾಕಾ ಇರಲಿಲ್ಲ, ಕಾಕು ಒಲೆಯ ಮುಂದೆ ಇದ್ದರು. ನಾನು ಬಾಗಿಲಲ್ಲೇ ಕೂತು ಅತ್ತೆ. ಯಾಕೆ ಅಂತ ಅವರು ಕೇಳಲಿಲ್ಲ. ಟೈಂ ಆಫೀಸು ಸೇರಿದವಳಿಗೆ ಒಂದಲ್ಲ ಒಂದು ದಿನ ಕಾಗದ ಕೈಗೆ ಸಿಕ್ಕೇ ಸಿಗುತ್ತದೆಂದು ಅವರಿಗೆ ಗೊತ್ತಿತ್ತು. ಊದುಗೊಳವೆ ಕೆಳಗಿಟ್ಟು, ಉಸಿರು ಸಿಕ್ಕಷ್ಟು ಸಿಕ್ಕಷ್ಟು ಮಾತಾಡಿದರು.

"ನಿಮ್ಮ ಕಾಕಾ ಮೂರ ದಿನಾ ಉಪವಾಸ ಮಾಡಿ ಪ್ರಾರ್ಥನಾ ಮಾಡಿದ್ರು, ಏನ ಮಾಡ್ಲಿ ಅಂತ. ನಾ ಇಲ್ಲೆ ಒಲಿ ಮುಂದ ಕುಂತು ಮದಲನೇ ದಿನಾನ ಹೇಳಿದ್ನಿ, ಹುಡುಗೀದು ಮದ್ಲ ಆಗ್ಲಿ ಅಂತ. ನಮ್ಮ ಹೊತ್ತು ದೇವರಿಗೆ ಗೊತ್ತೈತಿ. ಅಳಬ್ಯಾಡ, ರೊಟ್ಟಿ ತಿನ್ನು."

ತಿಂದೆ.

ಒಂದು ವರ್ಷಕ್ಕೆ ಹೆಸರು ಕರೆಯುವ ಕೆಲಸ ನನಗೆ ಬಂತು. ಕರೆಯುವುದಕ್ಕೂ ಒಂದು ರೀತಿ ಇತ್ತು. ಒಳಗೆ ಬರಬೇಕಾದ ಬದಲಿಯ ಹೆಸರು ಮೊದಲು, ಆವತ್ತು ಬರದೇ ಇದ್ದವನ ಹೆಸರು ಆಮೇಲೆ. ಯಾರೂ ಗೈರು ಇಲ್ಲದಿದ್ದರೆ ನನಗಿಂತ ಮೊದಲಿದ್ದ ಗುಮಾಸ್ತ ಕಿಟಕಿಯ ಬಾಗಿಲು ಎಳೆದುಕೊಂಡು ಬಿಡುತ್ತಿದ್ದ. ನಾನೂ ಮೊದಲ ದಿನ ಹಾಗೇ ಮಾಡಿದೆ. ತನಗಾಗಿ ಏನನ್ನೂ ಕೇಳದ ಕಾಕಾ ಆವತ್ತು ಸಂಜೆ ಮನೆಗೆ ಬಂದು ಒಂದು ಮಾತು ಕೇಳಿಕೊಂಡರು.

"ಕಿಡಕಿ ಸುಮ್ಮ ಮುಚ್ಚಬ್ಯಾಡವಾ. ಮುಚ್ಚಿದ ಕಿಡಕಿ ಮುಂದ ಮಂದಿ ಇನ್ನೂ ಅರ್ಧಾ ತಾಸು ನಿಂತಿರ್ತಾರ. ಇಲ್ಲ ಅನ್ನೂದನ್ನೂ ಬಾಯಿಲೆ ಹೇಳು."

ಏನಂತ ಹೇಳಲಿ ಎಂದು ಕೇಳಿದೆ. ಎಲ್ಲಾರೂ ಆರಾಮ ಅದಾರ ಅನ್ನು ಎಂದರು. ಮೊದಮೊದಲು ನನಗೆ ನಾಚಿಕೆ. ಸಾಲಿನವರೂ ಮುಸಿಮುಸಿ ನಕ್ಕರು. ಆಮೇಲೆ ರೂಢಿಯಾಯಿತು. ಆ ಮಾತು ಕೇಳಿದ ಮೇಲೆ ಡಬ್ಬಿ ಹಿಡಿದು ತಿರುಗಿ ಹೋಗುತ್ತಿದ್ದರು.

ಕಾಕಾನ ಸರದಿಯ ದಿನ ಅವರ ಹೆಸರನ್ನು ಸ್ವಲ್ಪ ಜೋರಾಗಿ ಕೂಗುತ್ತಿದ್ದೆ. ನಾನು ಕೊಡಬಹುದಾಗಿದ್ದದ್ದು ಅಷ್ಟೇ. ಸರದಿ ತಪ್ಪಿಸಿ ಒಂದು ದಿನವನ್ನೂ ಕೊಡುವಂತಿರಲಿಲ್ಲ, ಕೊಟ್ಟಿದ್ದರೆ ಅವರು ಹೋಗುತ್ತಲೂ ಇರಲಿಲ್ಲ. ಮುಂದೆ ಖಾಲಿಯಾದ ಜಾಗಗಳಿಗೆ ಒಂದೋ ವಾರಸುದಾರರು ಇರುತ್ತಿದ್ದರು, ಇಲ್ಲವೇ ಹೊಸ ಮಷೀನು ಬಂದು ಆ ಜಾಗವೇ ಬೇಡವಾಗುತ್ತಿತ್ತು. ಇಸ್ತ್ರಿ ಮಾಡಿದ ಅಂಗಿ, ಕೆರೆದ ಗಡ್ಡ, ವಾಲಿದ ಕತ್ತು. ವರ್ಷಾನುಗಟ್ಟಲೆ ಅದನ್ನು ನಾನು ಕಿಟಕಿಯ ಒಳಗಿನಿಂದ ನೋಡಿದ್ದೇನೆ. ನಾನು ಕೂತ ಕುರ್ಚಿ ಅವರದು ಎಂದು ಗೊತ್ತಿದ್ದೂ ನೋಡಿದ್ದೇನೆ.

ನನಗೆ ಇಪ್ಪತ್ತೆರಡು ಆದ ವರ್ಷ ಮಳೆಗಾಲದಲ್ಲಿ ಕಾಕುಗೆ ದಮ್ಮು ಜೋರಾಯಿತು. ಬದಲಿಯವರ ಮನೆಯವರಿಗೆ ಮಿಲ್ಲಿನ ದವಾಖಾನೆ ಇರಲಿಲ್ಲ. ಟೆಂಪೋ ಮಾಡಿಕೊಂಡು ಹುಬ್ಬಳ್ಳಿಗೆ ಹೊರಟೆವು. ಕಾಕುನ ತಲೆ ಅವ್ವನ ತೊಡೆಯ ಮೇಲೆ, ಕಾಲು ನನ್ನ ಮಡಿಲಲ್ಲಿ. ಹಳಿಯಾಳ ದಾಟಿ ಸ್ವಲ್ಪ ದೂರ ಹೋದ ಮೇಲೆ ಕಾಲು ತಣ್ಣಗಾದವು. ಮೊದಲು ಗೊತ್ತಾದದ್ದು ನನಗೆ. ಮುಂದೆ ಡ್ರೈವರಿನ ಪಕ್ಕ ಕೂತಿದ್ದ ಕಾಕಾ ಒಂದು ಸಲ ಹಿಂದೆ ತಿರುಗಿ ನೋಡಿದರು, ಆಮೇಲೆ ಗಾಡಿ ತಿರುಗಿಸು ಎಂದರು.

ಮಣ್ಣು ಮಾಡಿದ ಮುಂದಿನ ಭಾನುವಾರ ಕಾಕಾ ಚರ್ಚಿನ ಒಳಗೆ ಬರಲಿಲ್ಲ. ಕಂಪೌಂಡಿನ ಗೇಟಿನ ಹೊರಗೆ ನಿಂತಿದ್ದರು. ಅದೇ ಇಸ್ತ್ರಿ ಅಂಗಿ. ಆರಾಧನೆ ಮುಗಿಯುವವರೆಗೆ ನಿಂತು ಹೋದರು. ಮುಂದಿನ ಭಾನುವಾರವೂ ಅಷ್ಟೇ, ಅದರ ಮುಂದಿನದೂ ಅಷ್ಟೇ. ಪಾಸ್ಟರು ಹೋಗಿ ಕರೆದರು, ಹಿರಿಯರು ಹೋಗಿ ಕರೆದರು. ಕಾಕಾ ಎಲ್ಲರಿಗೂ ಕೈಮುಗಿದರು, ಕಾಲು ಮಾತ್ರ ಎತ್ತಿಡಲಿಲ್ಲ. ನಾಲ್ಕನೆಯ ಭಾನುವಾರ ನನಗೆ ತಡೆಯಲಾಗಲಿಲ್ಲ. ಹಾಡಿನ ನಡುವೆ ಎದ್ದು ಬಾಗಿಲಿಗೆ ಬಂದು ಮೆಟ್ಟಿಲ ಮೇಲೆ ನಿಂತು, ಮಿಲ್ಲಿನ ಕಿಟಕಿಯಲ್ಲಿ ಕೂಗುವ ಹಾಗೆಯೇ ಅವರ ಪೂರ್ತಿ ಹೆಸರು ಕೂಗಿದೆ.

ಅವರು ಬಂದರು. ಇಪ್ಪತ್ತು ವರ್ಷದ ಅಭ್ಯಾಸ, ಆ ದನಿಗೆ ಕಾಲು ತಾನಾಗಿಯೇ ಎದ್ದಿತೋ ಏನೋ. ಹಿಂದಿನ ಬೆಂಚಿನಲ್ಲಿ ನನ್ನ ಪಕ್ಕ ಕೂತರು. ಹಾಡಲಿಲ್ಲ.

ಎಲ್ಲರೂ ಹೋದ ಮೇಲೆ ಇಬ್ಬರೂ ಅಲ್ಲೇ ಕೂತಿದ್ದೆವು. ನಾನೇ ಮಾತು ತೆಗೆದೆ. ಆವತ್ತು ಆ ಕಾಗದಕ್ಕೆ ಸಹಿ ಹಾಕದೇ ಇದ್ದಿದ್ದರೆ ಕಾಕುಗೆ ದವಾ ಸಿಗುತ್ತಿತ್ತು, ನಳ ಸಿಗುತ್ತಿತ್ತು, ಇನ್ನೂ ಇರುತ್ತಿದ್ದರು ಎಂದೆ. ಅಪ್ಪ ಮಲಗಿದ್ದಾಗ ಆಡಿದ ಮಾತಿಗೂ ಆವತ್ತೇ ಕ್ಷಮೆ ಕೇಳಿದೆ. ಆರು ವರ್ಷ ತಡವಾಗಿತ್ತು. ಕಾಕಾ ಮುಂದಿನ ಬೆಂಚಿನ ಬೆನ್ನಿನ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು.

"ಸಿಟ್ಟು ಬಂದಿತ್ತವಾ" ಅಂದರು. "ಅವನ ಮ್ಯಾಲೆ. ಅದಕ್ಕ ಒಳಗ ಬರ್ಲಿಲ್ಲ. ಆದ್ರ ಬಿಟ್ಟು ಎಲ್ಲಿಗೆ ಹೋಗ್ಲಿ? ಗೇಟಿನ ಮುಂದ ನಿಲ್ಲೂದೊಂದ ನನಗ ಗೊತ್ತಿರೂದು." ನನ್ನ ಕಡೆ ತಿರುಗಿ ಹೇಳಿದರು, "ಅಕಿ ಹೋಗೂ ದಿನಾ ಅವನಿಗೆ ಗೊತ್ತಿತ್ತು. ನನಗೂ ನಿನಗೂ ಗೊತ್ತಿರ್ಲಿಲ್ಲ. ಗೊತ್ತಿಲ್ಲದ್ದನ್ನ ನೀ ಯಾಕ ಹೊರ್ತಿ? ಇಳಿಸು."

ಹಾಗೆಂದವರು ತಾವೇ ಅತ್ತರು. ದೇವರ ಚಿತ್ತ ಅಂತ ಬಾಯಲ್ಲಿ ಹೇಳಿ ಕಣ್ಣು ಒಣಗಿಸಿಕೊಂಡು ಕೂರುವವರನ್ನು ಬಹಳ ನೋಡಿದ್ದೇನೆ. ಕಾಕಾ ಅಂಥವರಲ್ಲ. ನನಗೂ ಆ ಭಾರ ಪೂರ್ತಿ ಇಳಿಯಲಿಲ್ಲ. ಅವರು ಇಳಿಸು ಅಂದದ್ದನ್ನು ನೆನಪು ಮಾಡಿಕೊಂಡು ಆಗಾಗ ಇಳಿಸಲು ನೋಡುತ್ತೇನೆ, ಅಷ್ಟೇ.

ಮತ್ತೆ ನಾಲ್ಕು ವರ್ಷ ಸಾಲಿನಲ್ಲಿ ನಿಂತರು. ಇಪ್ಪತ್ತಮೂರನೆಯ ವರ್ಷಕ್ಕೆ, ನಿವೃತ್ತಿಗೆ ಇನ್ನು ಎರಡೇ ವರ್ಷ ಇದೆ ಎನ್ನುವಾಗ, ಖಾಯಂ ಆಗಿರುವ ಪತ್ರ ಬಂತು. ಪತ್ರವನ್ನು ಅವರ ಕೈಗೆ ಕೊಟ್ಟವಳು ನಾನೇ. ಎರಡು ಸಲ ಓದಿಸಿದರು. ಮಡಚಿ ಕಿಸೆಯಲ್ಲಿಟ್ಟು ಗುಂಡಿ ಹಾಕಿಕೊಂಡರು.

ಮರುದಿನ ಬೆಳಿಗ್ಗೆ ಆರಕ್ಕೆ ಕಿಟಕಿ ತೆಗೆದರೆ ಕಾಕಾ ಬದಲಿ ಸಾಲಿನಲ್ಲಿ ನಿಂತಿದ್ದಾರೆ! ಖಾಯಂ ಮಂದಿ ಪಕ್ಕದ ದೊಡ್ಡ ಗೇಟಿನಿಂದ ಕಾರ್ಡು ತೋರಿಸಿ ಹೋಗುತ್ತಿದ್ದಾರೆ, ಇವರು ಕಿಟಕಿಗೆ ಕಿವಿ ಕೊಟ್ಟು ನಿಂತುಬಿಟ್ಟಿದ್ದಾರೆ. ಸಾಲಿನವರು ಹೇಳಿದರೂ ಅವರ ಮಂದ ಕಿವಿಗೆ ಬಿದ್ದಿರಲಿಲ್ಲ. ಕಾಕಾ, ಇನ್ನ ನಿಮ್ಮ ಹೆಸರು ನಾ ಕರಿಯೂದಿಲ್ಲ, ದೊಡ್ಡ ಗೇಟಿಲೆ ಹೋಗ್ರಿ ಎಂದೆ. ಸಾಲಿಗೆ ಸಾಲೇ ನಕ್ಕಿತು. ಕಾಕಾನೂ ನಕ್ಕರು. ಆಮೇಲೆ ಹತ್ತೇ ಹೆಜ್ಜೆ ದೂರದ ಆ ಗೇಟಿಗೆ ಹೋಗಲು ಅವರಿಗೆ ಬಹಳ ಹೊತ್ತು ಹಿಡಿಯಿತು. ನಡುವೆ ನಿಂತು ಕಣ್ಣು ಒರೆಸಿಕೊಂಡದ್ದನ್ನು ನಾನು ನೋಡಿದೆ.

ಕ್ವಾರ್ಟರ್ಸು ಸಿಕ್ಕ ದಿನ ನಾನೂ ಅವ್ವನೂ ಸಾಮಾನು ಹೊಂದಿಸಲು ಹೋಗಿದ್ದೆವು. ಸಾಮಾನೇನು, ಎರಡು ಪೆಟ್ಟಿಗೆ, ಒಂದು ಚಾಪೆ, ನಾಲ್ಕು ಪಾತ್ರೆ. ಕಾಕಾ ಕಾಕುನ ಹಿತ್ತಾಳೆ ಕೊಡವನ್ನು ನಳದ ಕೆಳಗಿಟ್ಟು ನಳ ತಿರುವಿದರು. ಕೊಡ ತುಂಬಿತು, ತುಂಬಿ ಚೆಲ್ಲಿತು, ನೀರು ಹೊಸ್ತಿಲವರೆಗೆ ಬಂತು. ಅವರು ಸುಮ್ಮನೆ ನೋಡುತ್ತ ಕೂತಿದ್ದರು. ಕೊನೆಗೆ ನಾನು ಹೋಗಿ ನಳ ನಿಲ್ಲಿಸಿದೆ. ನಮ್ಮವ್ವ ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಹೋದಳು.

ಖಾಯಂ ಆದವರ ಅರ್ಜಿ ತುಂಬಿಸುವುದೂ ನನ್ನ ಕೆಲಸ. ವಾರಸುದಾರರು ಎನ್ನುವ ಜಾಗಕ್ಕೆ ಬಂದಾಗ ಪೆನ್ನು ನಿಲ್ಲಿಸಿ ಅವರ ಮುಖ ನೋಡಿದೆ. ನಿನ್ನ ಹೆಸರು ಬರಿ ಅಂತ ಎಲ್ಲಿ ಅಂದಾರೋ ಎಂದು ಹೆದರಿದೆ. ಸಾಲಿನ್ಯಾಗ ಮುಂದಿನಾಂವ ಅಂತ ಬರಿ ಎಂದರು. ಹಂಗೆಲ್ಲ ಬರಿಯಾಕ ಬರೂದಿಲ್ಲ ಕಾಕಾ ಎಂದೆ. ಹಂಗಾರ ಖಾಲಿ ಬಿಡು, ತನ್ನಿಂದ ತಾನ ಅವನಿಗೆ ಹೋಗ್ತತಿ ಎಂದರು. ನಾನು ಆ ಜಾಗದಲ್ಲಿ ಅಡ್ಡಗೆರೆ ಎಳೆದೆ.

ಹನ್ನೊಂದು ತಿಂಗಳು ಕೆಲಸ ಮಾಡಿದರು. ಆಮೇಲೆ ಎದೆಯಲ್ಲಿ ನೀರು ತುಂಬಿ ಮಿಲ್ಲಿನ ದವಾಖಾನೆ ಸೇರಿದರು. ಬಿಳಿ ಚಾದರದ ಮಂಚವನ್ನು ಕೈಯಿಂದ ಸವರಿ, ಇದು ನಿಮ್ಮ ಕಾಕುಗ ಸಿಗಬೇಕಾಗಿತ್ತು ಎಂದರು ಒಂದು ಸಲ. ಮತ್ತೆ ಆ ಮಾತು ಆಡಲಿಲ್ಲ. ಪಾಳಿ ಮುಗಿಸಿ ನಾನು ದಿನಾ ಮಧ್ಯಾಹ್ನ ಹೋಗುತ್ತಿದ್ದೆ. ಹೋದ ಕೂಡಲೇ ಅವರ ಪ್ರಶ್ನೆ, ಇವತ್ತು ನನ್ನ ಜಾಗಕ್ಕೆ ಯಾರನ್ನು ಕರೆದೆ? ಸಾಲಿನಲ್ಲಿ ಕಾಕಾನ ನಂತರದವನು ಮುಂಡಗೋಡದ ಕಡೆಯ ಒಬ್ಬಾತ, ಮೂರು ಮಕ್ಕಳ ತಂದೆ, ಹದಿಮೂರು ವರ್ಷದಿಂದ ನಿಂತವನು. ಅವನ ಹೆಸರು ಹೇಳಿದರೆ ಕಾಕಾನ ಮುಖ ಅರಳುತ್ತಿತ್ತು.

"ಉಣ್ಣಲಿ ಬಿಡು" ಅಂದರು ಒಂದು ದಿನ, ಉಸಿರು ಎಳೆದುಕೊಳ್ಳುತ್ತ. "ನಾ ಎಷ್ಟ ಮಂದಿ ಜಡ್ಡಿನ್ಯಾಗ ಉಂಡೇನಿ. ನನ್ನ ಜಡ್ಡಿನ್ಯಾಗ ಒಬ್ಬಾಂವ ಉಣ್ಣಲಿ."

ಬದುಕಿ ಎದ್ದು ಬರುತ್ತೀರಿ ಎಂದು ನಾನು ಗದರಿದೆ. ಹುಡುಗಿಯಾಗಿದ್ದಾಗ ಅವರಿಗೆ ಅಂದದ್ದಕ್ಕೆ ಉಲ್ಟಾ ಮಾತನ್ನು ಈಗ ಸಾವಿರ ಸಲ ಬೇಕಾದರೂ ಹೇಳಲು ಸಿದ್ಧವಿದ್ದೆ. ಅವರು ನನ್ನ ಕೈ ಹಿಡಿದುಕೊಂಡು, ನಿಲ್ಲೂದು ಮುಗೀತವಾ, ಕರೀಲಿಕತ್ತಾನ ಎಂದರು. ಅದಾಗಿ ಎರಡು ದಿನಕ್ಕೆ, ಮಧ್ಯಾಹ್ನ ಮೂರರ ಹೊತ್ತಿಗೆ, ನಾನು ಪಕ್ಕದಲ್ಲಿ ಕೂತಿದ್ದಾಗಲೇ ಉಸಿರು ನಿಂತಿತು.

ಪೆಟ್ಟಿಗೆಯಲ್ಲಿ ಮಲಗಿಸುವಾಗ ಇಬ್ಬರು ಹೆಂಗಸರು ಕತ್ತು ನೆಟ್ಟಗೆ ಮಾಡಲು ನೋಡಿದರು. ಎಡಕ್ಕೆ ಬಟ್ಟೆಯ ಸುರುಳಿ ಇಟ್ಟರು, ಬಲಕ್ಕೆ ಸಣ್ಣ ದಿಂಬು ಇಟ್ಟರು. ಅದು ಮತ್ತೆ ಬಲಕ್ಕೇ ಬಂತು. ಬಿಡ್ರಿ, ಹಂಗ ಇರ್ಲಿ ಎಂದಳು ನಮ್ಮವ್ವ. ಹಾಗೇ ಇಟ್ಟು ಮುಚ್ಚಿದರು. ಕಾಕುನ ಪಕ್ಕದಲ್ಲಿ ಮಣ್ಣು ಮಾಡಿದೆವು. ಚಿಪ್ಪರ್ ಹೌಸಿನ ಬದಲಿ ಸಾಲಿಗೆ ಸಾಲೇ ಬಂದಿತ್ತು.

ಮರುದಿನ ರಜೆ ಹಾಕು ಎಂದಳು ಅವ್ವ. ಹಾಕಲಿಲ್ಲ. ಬೆಳಿಗ್ಗೆ ಆರಕ್ಕೆ ಭೋಂಗಾ ಕೂಗಿತು, ಹಾಜರಿ ನೋಡಿದೆ. ಚಿಪ್ಪರ್ ಹೌಸಿನಲ್ಲಿ ಒಬ್ಬರನ್ನು ಬಿಟ್ಟು ಎಲ್ಲರೂ ಬಂದಿದ್ದರು. ಕಿಟಕಿ ತೆಗೆದೆ. ಮುಂಡಗೋಡದವನ ಹೆಸರು ಮೊದಲು ಕೂಗಿದೆ. ಆಮೇಲೆ ಯಾರ ಜಾಗಕ್ಕೆ ಎನ್ನುವುದನ್ನೂ ಕೂಗಬೇಕಲ್ಲ, ಕಾಕಾನ ಹೆಸರು ಕೂಗಿದೆ. ಸಾಲಿನಲ್ಲಿ ಯಾರೂ ಅಲುಗಲಿಲ್ಲ. ಅವನೂ ಹೋಗಲು ಹಿಂಜರಿದ. ಹೋಗು, ಇದು ನಿಂದ ಜಾಗ, ಒಂದು ತಿಂಗಳೊಳಗ ಪತ್ರಾ ಬರ್ತತಿ ಎಂದೆ. ಅವನು ತಲೆಯ ಮೇಲಿನ ಟವೆಲು ತೆಗೆದು ಮುಖ ಮುಚ್ಚಿಕೊಂಡು ಒಳಗೆ ಹೋದ. ಪತ್ರ ಇಪ್ಪತ್ತೇ ದಿನಕ್ಕೆ ಬಂತು.

ಉಳಿದವರು ಕತ್ತು ಚಾಚಿ ನಿಂತೇ ಇದ್ದರು. ಆ ದಿನ ಸುಮ್ಮನೆ ಕಿಟಕಿ ಎಳೆದುಕೊಂಡಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೆ ಬಾಯಿಂದ ಹೇಳು ಎಂದು ಕಾಕಾ ನನ್ನ ಹತ್ತಿರ ಕೇಳಿಕೊಂಡದ್ದು ಅದೊಂದೇ. ಎಲ್ಲರಿಗೂ ಕೇಳುವ ಹಾಗೆ ಹೇಳಿದೆ.

"ಎಲ್ಲಾರೂ ಆರಾಮ ಅದಾರ್ರಿ."

ಸುಳ್ಳು ಹೇಳಿದೆ ಎಂದು ನನಗೆ ಇವತ್ತಿಗೂ ಅನ್ನಿಸಿಲ್ಲ.